ಮನೆಯಲ್ಲಿ ಆಟಿಸಂ, ಎಡಿಎಚ್‌ಡಿ ಇರುವವರಿದ್ದರೆ: ಮುಂಬೈ ಪೊಲೀಸ್ ಠಾಣೆಯಲ್ಲಿ ಏನು ಕೇಳಬೇಕು, ಹೇಗೆ ಕೇಳಬೇಕು

"ಮಗನಿಗೆ ಆಟಿಸಂ ಇದೆ. ಪೊಲೀಸರು ಠಾಣೆಗೆ ಬನ್ನಿ ಅಂತಿದ್ದಾರೆ. ಅವನಿಗೆ ಮರಾಠಿ ಬರುವುದಿಲ್ಲ, ಗಾಬರಿಯಾದರೆ ಕನ್ನಡವೂ ಬಾಯಿಂದ ಹೊರಡುವುದಿಲ್ಲ. ಏನು ಮಾಡಲಿ?" ಡೊಂಬಿವಲಿ, ಘಾಟ್ಕೋಪರ್, ಪುಣೆ ಅಂತ ಎಲ್ಲ ಕಡೆಯ ನಮ್ಮವರು ಇದನ್ನೇ ಮತ್ತೆ ಮತ್ತೆ ಕೇಳುತ್ತಾರೆ. ಕೇಳುವ ಹೊತ್ತಿಗೆ ಎಷ್ಟೋ ಜನ ಠಾಣೆಯ ಬೆಂಚಿನ ಮೇಲೆ ಕೂತಾಗಿರುತ್ತದೆ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆಯುತ್ತಿದ್ದೇನೆ. ಸಮಯ ಇರುವಾಗಲೇ ಓದಿಟ್ಟುಕೊಳ್ಳಿ.

ಮೊದಲೇ ಹೇಳಿಬಿಡುತ್ತೇನೆ. ಕಾನೂನಿನಲ್ಲಿ ಇಂಥವರಿಗೆ ರಕ್ಷಣೆ ಇದೆ. ನಾವು ಅಂದುಕೊಂಡಿದ್ದಕ್ಕಿಂತ ಜಾಸ್ತಿಯೇ ಇದೆ. ಆದರೆ ಕೇಳದಿದ್ದರೆ ಸಿಗುವುದು ಅಪರೂಪ. ಠಾಣೆಯಲ್ಲಿ ಕೂತ ಅಧಿಕಾರಿಗೆ ಆಟಿಸಂ ಬಗ್ಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ಕೆಟ್ಟ ಮನಸ್ಸಿನಿಂದ ಆಗುವ ಅನ್ಯಾಯಕ್ಕಿಂತ ತಿಳಿಯದೆ ಆಗುವ ಅನ್ಯಾಯವೇ ಹೆಚ್ಚು. ಹಾಗಾಗಿ ಏನು ಬೇಕೋ ಅದನ್ನು ಮೊದಲ ಗಂಟೆಯಲ್ಲೇ ಕೇಳಬೇಕು, ಬರೆದು ಕೇಳಬೇಕು.

ಇಂಥವರನ್ನು ನ್ಯೂರೋಡೈವರ್ಜೆಂಟ್ ಎನ್ನುತ್ತಾರೆ, ಅಂದರೆ ಮೆದುಳು ಕೆಲಸ ಮಾಡುವ ರೀತಿಯೇ ಬೇರೆ ಇರುವವರು. ಆಟಿಸಂ, ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಕೆಯ ತೊಂದರೆ), ಡಿಸ್ಲೆಕ್ಸಿಯಾ (ಓದು ಬರಹ ಕಲಿಯುವ ತೊಂದರೆ), ಬೌದ್ಧಿಕ ಅಸಾಮರ್ಥ್ಯ ಇದರಲ್ಲಿ ಬರುತ್ತವೆ. ಮುಂಬೈ ಠಾಣೆಯ ನಾಲ್ಕು ಮಾತುಗಳನ್ನೂ ತಿಳಿದುಕೊಂಡಿರಿ. ಬಾಗಿಲ ಹತ್ತಿರದ ಟೇಬಲ್ಲಿನಲ್ಲಿ ದೂರು ಬರೆದುಕೊಳ್ಳುವವರು ಠಾಣೆ ಅಮಲ್ದಾರ್. ನೀವು ಕೊಡುವ ಹೇಳಿಕೆ ಜಬಾಬ್. ಪೊಲೀಸರು ಕೋರ್ಟಿನ ಅಪ್ಪಣೆ ಇಲ್ಲದೆ ತನಿಖೆ ಮಾಡುವ ಹಾಗಿಲ್ಲದ ಸಣ್ಣ ಅಪರಾಧದ ದೂರು ಎನ್‌ಸಿ. ನಿಮ್ಮ ಅರ್ಜಿ ತಲುಪಿತು ಎಂದು ಮುದ್ರೆ ಒತ್ತಿ ಕೊಡುವ ಪ್ರತಿ ಪೋಚ್. ಈ ಕೊನೆಯದನ್ನು ಮರೆಯಲೇಬೇಡಿ.

1. ಏನೂ ಆಗದಿರುವಾಗಲೇ ಕಾಗದ ಸಿದ್ಧ ಮಾಡಿಡಿ

ಮೊದಲನೆಯದು ಯುಡಿಐಡಿ ಕಾರ್ಡ್, ಅಂದರೆ ಕೇಂದ್ರ ಸರ್ಕಾರದ ದಿವ್ಯಾಂಗ ಗುರುತಿನ ಚೀಟಿ. ಅರ್ಜಿ ಆನ್‌ಲೈನ್‌ನಲ್ಲಿ ಹಾಕಬೇಕು. ತಪಾಸಣೆ ಸರ್ಕಾರಿ ಅಥವಾ ಪಾಲಿಕೆ ಆಸ್ಪತ್ರೆಯಲ್ಲಿ ಆಗುತ್ತದೆ. ಮುಂಬೈಯಲ್ಲಿ ಜೆಜೆ, ಕೆಇಎಂ, ಸಯನ್, ನಾಯರ್, ಪುಣೆಯಲ್ಲಿ ಸಸೂನ್ ಇಂಥವು. 2016ರ ದಿವ್ಯಾಂಗರ ಹಕ್ಕುಗಳ ಕಾಯ್ದೆಯ 21 ಅಸಾಮರ್ಥ್ಯಗಳ ಪಟ್ಟಿಯಲ್ಲಿ ಆಟಿಸಂ, ಕಲಿಕೆಯ ತೊಂದರೆ, ಬೌದ್ಧಿಕ ಅಸಾಮರ್ಥ್ಯ ಇವೆ. ಎಡಿಎಚ್‌ಡಿ ಹೆಸರು ಬೇರೆಯಾಗಿ ಇಲ್ಲ. ಅಂಥವರು ಮನೋವೈದ್ಯರಿಂದ ವಿವರವಾದ ಪತ್ರ ಬರೆಸಿಟ್ಟುಕೊಳ್ಳಿ. ಜೊತೆಗೆ ಡಿಸ್ಲೆಕ್ಸಿಯಾ ಇದ್ದರೆ ಅದರ ಪ್ರಮಾಣಪತ್ರವೂ ಇರಲಿ.

ಇಲ್ಲಿ ಜನ ಒಂದು ಕಡೆ ಎಡವುತ್ತಾರೆ. ಪ್ರಮಾಣಪತ್ರದಲ್ಲಿ 40ಕ್ಕಿಂತ ಕಡಿಮೆ ಶೇಕಡಾ ಬಂದರೆ "ನಮಗೇನೂ ಸಿಗುವುದಿಲ್ಲ" ಎಂದು ಅದನ್ನು ಒಳಗಿಟ್ಟುಬಿಡುತ್ತಾರೆ. 40ರ ಲೆಕ್ಕ ಇರುವುದು ಮೀಸಲಾತಿಯಂಥ ಸೌಲಭ್ಯಗಳಿಗೆ. ವ್ಯಕ್ತಿಯ ಅಗತ್ಯಕ್ಕೆ ತಕ್ಕ ಹಾಗೆ ಪದ್ಧತಿ ಬದಲಿಸಿಕೊಳ್ಳುವುದಕ್ಕೆ ಆ ಮಿತಿ ಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2021ರ ಫೆಬ್ರವರಿಯಲ್ಲಿ ಹೇಳಿದೆ. ಆ ಪ್ರಕರಣ ಪರೀಕ್ಷೆಯಲ್ಲಿ ಅಭ್ಯರ್ಥಿ ಹೇಳಿದ್ದನ್ನು ಬರೆದುಕೊಡುವವರನ್ನು ಒದಗಿಸುವ ಬಗ್ಗೆ ಇತ್ತು. ತತ್ವ ಠಾಣೆಗೂ ಅದೇ. ಪತ್ರದಲ್ಲಿ ಎಷ್ಟೇ ಶೇಕಡಾ ಇರಲಿ, ತೋರಿಸಿ.

ಎರಡನೆಯದು 18 ತುಂಬಿದ ಮೇಲಿನ ಪೋಷಕತ್ವ. ಮಗನಿಗೋ ಮಗಳಿಗೋ 18 ಆದ ದಿನ ತಂದೆ ತಾಯಿ ಕಾನೂನಿನ ಪ್ರಕಾರ ಪೋಷಕರಾಗಿ ಉಳಿಯುವುದಿಲ್ಲ. "ಅವನು ದೊಡ್ಡವನು, ನೀವು ಹೊರಗಿರಿ" ಎಂದು ಠಾಣೆಯಲ್ಲಿ ಹೇಳಿದಾಗಲೇ ಎಷ್ಟೋ ಜನರಿಗೆ ಇದು ಗೊತ್ತಾಗುವುದು. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯ ಪ್ರಕಾರ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಸಾಮರ್ಥ್ಯ, ಬಹು ಅಸಾಮರ್ಥ್ಯ ಇರುವವರಿಗೆ ಕಲೆಕ್ಟರ್ ಇರುವ ಸ್ಥಳೀಯ ಸಮಿತಿ ಪೋಷಕರನ್ನು ನೇಮಿಸುತ್ತದೆ. ಮುಂಬೈಗೆ ಇಬ್ಬರು ಕಲೆಕ್ಟರ್. ಶಹರದವರಿಗೆ ಫೋರ್ಟ್, ಉಪನಗರದವರಿಗೆ ಬಾಂದ್ರಾ ಪೂರ್ವ. ಆದರೆ ತನ್ನ ವ್ಯವಹಾರ ತಾನೇ ನೋಡಿಕೊಳ್ಳಬಲ್ಲವರಿಗೆ ಸುಮ್ನೆ ಪೋಷಕತ್ವ ಹೇರಬೇಡಿ. ಅವರ ಮಾತಿಗೆ ಇರುವ ತೂಕವನ್ನು ನಾವೇ ಕಡಿಮೆ ಮಾಡಿದ ಹಾಗಾಗುತ್ತದೆ.

ಮೂರನೆಯದಕ್ಕೆ ದುಡ್ಡು ಬೇಡ, ಆದರೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದು ಇದೇ. ಒಂದು ಪುಟದ ಪರಿಚಯ ಚೀಟಿ. ಮರಾಠಿಯಲ್ಲಿ ಒಂದು, ಇಂಗ್ಲಿಷ್‌ನಲ್ಲಿ ಒಂದು. ಕನ್ನಡದಲ್ಲಿ ಅದು ಹೀಗಿರುತ್ತದೆ:

"ನನ್ನ ಹೆಸರು ______. ನನಗೆ ಆಟಿಸಂ ಇದೆ. ಕಣ್ಣಿಗೆ ಕಣ್ಣು ಕೊಟ್ಟು ಮಾತಾಡುವುದು ನನಗೆ ಕಷ್ಟ. ಜೋರು ಸದ್ದಾದರೆ ಕಿವಿ ಮುಚ್ಚಿಕೊಳ್ಳುತ್ತೇನೆ, ಕೆಲವು ಸಲ ಓಡುತ್ತೇನೆ. ದಯವಿಟ್ಟು ಹಿಡಿದೆಳೆಯಬೇಡಿ. ಮುಟ್ಟುವ ಮುಂಚೆ ಹೇಳಿ. ನೀವು ಕೇಳಿದ್ದನ್ನೇ ನಾನು ತಿರುಗಿ ಹೇಳಬಹುದು, ಅದು ನನ್ನ ಉತ್ತರ ಅಲ್ಲ. ಕನ್ನಡದಲ್ಲಿ ಒಂದೊಂದೇ ಪ್ರಶ್ನೆ ಕೇಳಿ, ಉತ್ತರಕ್ಕೆ ಸ್ವಲ್ಪ ಕಾಯಿರಿ. ನನಗೆ ಫಿಟ್ಸ್ ಇದೆ, ರಾತ್ರಿ 9ಕ್ಕೆ ಮಾತ್ರೆ ತಪ್ಪಬಾರದು. ಮನೆಗೆ ಫೋನ್ ಮಾಡಿ: ______."

ನಿಮ್ಮವರಿಗೆ ಸರಿಯಾಗಿ ಹೊಂದುವ ಹಾಗೆ ಬದಲಿಸಿಕೊಳ್ಳಿ. ಓದಲು ಬರುವವರಾದರೆ ಅವರನ್ನೇ ಕೂರಿಸಿಕೊಂಡು, ಅವರನ್ನೇ ಕೇಳಿ ಬರೆಯಿರಿ. ಚೀಟಿಯ ಒಂದು ಪ್ರತಿ ಪರ್ಸಿನಲ್ಲಿ, ಒಂದು ರೈಲ್ವೆ ಪಾಸಿನ ಹಿಂದೆ, ಒಂದು ಫೋಟೊ ಮನೆಯವರೆಲ್ಲರ ಮೊಬೈಲ್‌ನಲ್ಲಿ ಇರಲಿ. ಮಾತ್ರೆಗಳ ಚೀಟಿಯ ಫೋಟೊವನ್ನೂ ಅಲ್ಲೇ ಇಡಿ.

ಜೊತೆಗೆ ಒಬ್ಬ ವಿಶೇಷ ಶಿಕ್ಷಕರನ್ನು ಈಗಲೇ ಗೊತ್ತು ಮಾಡಿಕೊಳ್ಳಿ. ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್‌ಸಿಐನಲ್ಲಿ ನೋಂದಾಯಿಸಿದವರಾದರೆ ಒಳ್ಳೆಯದು. ನಾಳೆ ಕೋರ್ಟಿನಲ್ಲಿ "ಇವರಿಗೆ ಯಾವ ಅರ್ಹತೆ ಇದೆ?" ಎಂಬ ಪ್ರಶ್ನೆ ಬಂದರೆ ಆ ನೋಂದಣಿ ಸಂಖ್ಯೆಯೇ ಉತ್ತರ. ಈ ಊರಿನಲ್ಲಿ ಆರ್‌ಸಿಐ ನೋಂದಣಿಯೂ ಇದ್ದು ಕನ್ನಡವೂ ಬರುವವರು ಸಿಗುವುದು ಕಷ್ಟ. ಶಿಕ್ಷಕಿಗೆ ಮರಾಠಿ, ಇಂಗ್ಲಿಷ್ ಬರುತ್ತದೆ, ಮಗುವಿಗೆ ಅರ್ಥವಾಗುವುದು ತುಳುವೋ ಕನ್ನಡವೋ ಮಾತ್ರ ಎಂದಿದ್ದರೆ ಇಬ್ಬರು ಬೇಕು: ಒಬ್ಬರು ವಿಶೇಷ ಶಿಕ್ಷಕರು, ಒಬ್ಬರು ದುಭಾಷಿ. ದುಭಾಷಿ ನಿಮ್ಮ ಮನೆಯವರಾಗದಿದ್ದರೆ ಉತ್ತಮ. ಮನೆಯವರೇ ಭಾಷಾಂತರ ಮಾಡಿದರೆ "ಇವರೇ ಹೇಳಿಕೊಟ್ಟರು" ಎಂದು ಎದುರು ಪಕ್ಷದ ವಕೀಲರು ಹೇಳುವುದಂತೂ ಖಂಡಿತ. ಪರಿಚಯದ ಕನ್ನಡ ಶಾಲೆಯ ಶಿಕ್ಷಕರನ್ನೋ ಕನ್ನಡ ಸಂಘದವರನ್ನೋ ಮೊದಲೇ ಕೇಳಿಟ್ಟುಕೊಳ್ಳಿ.

2. ನಿಮ್ಮ ಠಾಣೆ ಯಾವುದು ಎಂದು ತಿಳಿದುಕೊಳ್ಳಿ, ಒಮ್ಮೆ ಹೋಗಿ ಬನ್ನಿ

ಮುಂಬೈ ಎಂದು ನಾವು ಹೇಳಿದರೂ ಪೊಲೀಸ್ ಲೆಕ್ಕದಲ್ಲಿ ಅದು ಒಂದೇ ಊರಲ್ಲ. ಡೊಂಬಿವಲಿ ಬರುವುದು ಥಾಣೆ ನಗರದ ಪೊಲೀಸ್ ಕಮಿಷನರ್ ವ್ಯಾಪ್ತಿಗೆ. ನವಿ ಮುಂಬೈ ಬೇರೆ, ಮೀರಾ ಭಾಯಂದರ್–ವಸಾಯಿ ವಿರಾರ್ ಬೇರೆ. ಪುಣೆಯಲ್ಲೂ ಪಿಂಪ್ರಿ ಚಿಂಚವಾಡಕ್ಕೆ 2018ರಿಂದ ಬೇರೆ ಕಮಿಷನರ್ ಇದ್ದಾರೆ. ಲೋಕಲ್ ರೈಲು, ಪ್ಲಾಟ್‌ಫಾರ್ಮ್ ಮೇಲೆ ನಡೆದದ್ದು ರೈಲ್ವೆ ಪೊಲೀಸರಿಗೆ, ಅಂದರೆ ಜಿಆರ್‌ಪಿಗೆ ಸೇರಿದ್ದು.

ಒಂದು ದಿನ ಬೆಳಿಗ್ಗೆ, ಗಲಾಟೆ ಕಡಿಮೆ ಇರುವಾಗ, ನಿಮ್ಮವರನ್ನು ಕರೆದುಕೊಂಡು ಠಾಣೆಗೆ ಹೋಗಿ. ಹಿರಿಯ ಇನ್‌ಸ್ಪೆಕ್ಟರ್ ಹೆಸರಿಗೆ ಒಂದು ಪತ್ರ, ಅದರ ಜೊತೆ ಪರಿಚಯ ಚೀಟಿ ಕೊಟ್ಟು ಪೋಚ್ ತೆಗೆದುಕೊಳ್ಳಿ. 18ರ ಒಳಗಿನವರಾದರೆ ಬಾಲ ಕಲ್ಯಾಣ ಪೊಲೀಸ್ ಅಧಿಕಾರಿಯನ್ನು ಕೇಳಿ. ಬಾಲನ್ಯಾಯ ಕಾಯ್ದೆಯ ಪ್ರಕಾರ ಪ್ರತಿ ಠಾಣೆಯಲ್ಲೂ ಅಂಥ ಒಬ್ಬರು ಇರಬೇಕು.

3. ಕಾಣೆಯಾದರೆ ಕಾಯಬೇಡಿ

24 ಗಂಟೆ ಕಾದು ದೂರು ಕೊಡಬೇಕು ಎಂಬುದು ಎಲ್ಲೂ ಇಲ್ಲದ ನಿಯಮ. ಕೂಡಲೇ 112ಕ್ಕೆ ಫೋನ್ ಮಾಡಿ. ಮಗುವಾದರೆ 1098 ಕೂಡ ಇದೆ. ಮಗು ಕಾಣೆಯಾದ ದೂರನ್ನು ಅಪಹರಣ ಎಂದೇ ಹಿಡಿದು ಎಫ್‌ಐಆರ್ ಮಾಡಬೇಕು ಎಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ರೈಲು ಹತ್ತಿರಬಹುದು ಎನಿಸಿದರೆ 139ಕ್ಕೂ ಹೇಳಿ. ಯಾವ ಲೈನಿನ ರೈಲು ಇಷ್ಟ, ಯಾವ ಸ್ಟೇಷನ್ನಿನ ಹೆಸರು ಬಾಯಲ್ಲಿರುತ್ತದೆ ಎನ್ನುವುದನ್ನು ಬಿಡಬೇಡಿ. ಆಟಿಸಂ ಇರುವ ಅನೇಕ ಮಕ್ಕಳನ್ನು ನೀರು ಸೆಳೆಯುತ್ತದೆ. ಹತ್ತಿರದಲ್ಲಿ ಕೆರೆ, ನಾಲೆ, ಸಮುದ್ರ, ಸೊಸೈಟಿಯ ಈಜುಕೊಳ ಇದ್ದರೆ ಮೊದಲು ಅಲ್ಲಿ ಹುಡುಕಲು ಹೇಳಿ.

4. ನಿಮ್ಮವರ ಮೇಲೆ ಅನ್ಯಾಯ ಆದಾಗ

2024ರ ಜುಲೈ 1ರಿಂದ ಹಳೆಯ ಸಿಆರ್‌ಪಿಸಿ ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಬಿಎನ್‌ಎಸ್‌ಎಸ್ ಬಂದಿದೆ. ನೆನಪಿಟ್ಟುಕೊಳ್ಳಬೇಕಾದ ಕಲಮುಗಳು ಮೂರು.

ಕಲಂ 173: ಲೈಂಗಿಕ ಅಪರಾಧ, ಆಸಿಡ್ ದಾಳಿಯಂಥ ಪ್ರಕರಣದಲ್ಲಿ ತೊಂದರೆಗೆ ಒಳಗಾದವರು ಅಸಾಮರ್ಥ್ಯ ಇರುವವರಾದರೆ, ಪೊಲೀಸರೇ ಮನೆಗೆ ಅಥವಾ ಅವರು ಹೇಳಿದ ಜಾಗಕ್ಕೆ ಬಂದು ದೂರು ಬರೆದುಕೊಳ್ಳಬೇಕು. ದುಭಾಷಿ ಅಥವಾ ವಿಶೇಷ ಶಿಕ್ಷಕರು ಎದುರಿಗಿರಬೇಕು. ವಿಡಿಯೊ ಆಗಬೇಕು. ಅಸಾಮರ್ಥ್ಯ ತಾತ್ಕಾಲಿಕವಾದರೂ ಇದು ಅನ್ವಯಿಸುತ್ತದೆ.

ಕಲಂ 179: ಉಳಿದ ಪ್ರಕರಣಗಳಲ್ಲೂ ಸಾಕ್ಷಿಯಾಗಿ ವಿಚಾರಿಸಲು ಅಸಾಮರ್ಥ್ಯ ಇರುವವರನ್ನು ಮನೆ ಬಿಟ್ಟು ಬೇರೆಡೆಗೆ ಕರೆಸುವಂತಿಲ್ಲ. ಅವರಾಗಿಯೇ ಬರಲು ಒಪ್ಪಿದರೆ ಮಾತ್ರ ಠಾಣೆಗೆ ಬರಬಹುದು.

ಕಲಂ 183: ಮ್ಯಾಜಿಸ್ಟ್ರೇಟ್ ಎದುರಿನ ಹೇಳಿಕೆ. ಅದರ ಬಗ್ಗೆ ಮುಂದೆ ಬರುತ್ತದೆ.

ಇವುಗಳ ಜೊತೆ 2016ರ ಕಾಯ್ದೆಯ ಕಲಂ 12 ಸೇರಿಸಿ. ಕೋರ್ಟು ಮಾತ್ರವಲ್ಲ, ತನಿಖೆ ಮಾಡುವ ಅಧಿಕಾರ ಇರುವ ಕಚೇರಿಗಳೂ ಅದರಲ್ಲಿ ಬರುತ್ತವೆ. ದಿವ್ಯಾಂಗರು ತಮಗೆ ಬೇಕಾದ ಭಾಷೆಯಲ್ಲಿ, ತಮಗೆ ಒಗ್ಗಿದ ರೀತಿಯಲ್ಲಿ ಹೇಳಿಕೆ ಕೊಡಲು ಸೌಕರ್ಯ ಮಾಡಿಕೊಡುವುದು ಸರ್ಕಾರದ ಕೆಲಸ ಎಂದು ಅಲ್ಲಿ ಬರೆದಿದೆ. ಚಿತ್ರ ತೋರಿಸಿ ಮಾತಾಡುವ ಮಗುವಿಗೆ ಚಿತ್ರ, ಮೊಬೈಲ್‌ನಲ್ಲಿ ಟೈಪ್ ಮಾಡುವವರಿಗೆ ಮೊಬೈಲ್, ಮುಂಬೈಯಲ್ಲಿ ಕನ್ನಡದವರಿಗೆ ಕನ್ನಡ. ಇದನ್ನು ಉಪಕಾರ ಕೇಳುವ ದನಿಯಲ್ಲಿ ಕೇಳಬೇಕಾಗಿಲ್ಲ.

ಇನ್ನು ಎಡವುವ ಜಾಗಗಳು. ಮೊದಲನೆಯದು ಎನ್‌ಸಿ. ಸೊಸೈಟಿಯವರು ಎಲ್ಲರೆದುರು ಹೀಯಾಳಿಸಿದರು, ವಾಚ್‌ಮನ್ ಹೊಡೆದ ಎಂದು ಹೋದರೆ ಎನ್‌ಸಿ ಬರೆದು ಕಳಿಸಿಬಿಡುವುದುಂಟು. ದಿವ್ಯಾಂಗರನ್ನು ಬೇಕೆಂದೇ ಎಲ್ಲರೆದುರು ಅವಮಾನಿಸುವುದು, ಅಪಮಾನ ಮಾಡಲೆಂದು ಅವರ ಮೇಲೆ ಬಲ ಪ್ರಯೋಗಿಸುವುದು 2016ರ ಕಾಯ್ದೆಯ ಕಲಂ 92ರಲ್ಲಿ ಬರುತ್ತದೆ. 6 ತಿಂಗಳಿಂದ 5 ವರ್ಷದವರೆಗೆ ಶಿಕ್ಷೆ. ಆ ಕಲಂ ಹೆಸರನ್ನು ಅರ್ಜಿಯಲ್ಲೇ ಬರೆಯಿರಿ. ಇಷ್ಟು ಶಿಕ್ಷೆಯ ಪ್ರಕರಣದಲ್ಲಿ ಡಿವೈಎಸ್‌ಪಿ ದರ್ಜೆಯ ಅಧಿಕಾರಿಯ ಅನುಮತಿ ಪಡೆದು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ಮಾಡಲು ಪೊಲೀಸರಿಗೆ ಅವಕಾಶ ಇದೆ. ಹಾಗಾಗಿ "ವಿಚಾರಣೆ ನಡೀತಿದೆ" ಎಂದರೆ ಯಾವ ತಾರೀಕಿಗೆ ಶುರುವಾಯಿತು ಎಂದು ಕೇಳಿ ಬರೆದಿಟ್ಟುಕೊಳ್ಳಿ.

"ಇದು ನಮ್ಮ ಠಾಣೆಗೆ ಬರುವುದಿಲ್ಲ" ಎಂದರೂ ಹಿಂದಿರುಗಬೇಡಿ. ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಝೀರೊ ಎಫ್‌ಐಆರ್ ಬರೆಸಬಹುದು. ಅವರೇ ಅದನ್ನು ಸಂಬಂಧಪಟ್ಟ ಠಾಣೆಗೆ ಕಳಿಸುತ್ತಾರೆ. ಎಫ್‌ಐಆರ್ ಮರಾಠಿಯಲ್ಲಿ ಇರುತ್ತದೆ. ನಿಮಗೆ ಓದಿ ಹೇಳುವುದು ಅವರ ಕರ್ತವ್ಯ. ಅರ್ಥವಾಗದ ಒಂದು ಸಾಲು ಇದ್ದರೂ ಸಹಿ ಮಾಡಬೇಡಿ, ಬಿಡಿಸಿ ಹೇಳಿಸಿಕೊಳ್ಳಿ. ಪ್ರತಿ ಉಚಿತ.

ನಮ್ಮ ಮನೆಗಳವರೇ ಮಾಡುವ ಒಂದು ತಪ್ಪು ಇದೆ, ಇದನ್ನು ಒತ್ತಿ ಹೇಳುತ್ತೇನೆ. ಬೇಗ ಬಿಡಲಿ ಎಂದು ಅಪ್ಪನೋ ಮಾವನೋ ಕೈ ಮುಗಿದು "ಸಾಹೇಬ್, ತೋ ವೇಡಾ ಆಹೇ" ಎಂದುಬಿಡುತ್ತಾರೆ. ಅವನು ಹುಚ್ಚ, ಬಿಟ್ಟುಬಿಡಿ ಎಂದು. ಆ ಮಾತು ಡೈರಿಯಲ್ಲಿ ಕೂತರೆ ನಾಳೆ ಅವನು ಸಾಕ್ಷಿ ಹೇಳುವಾಗ ಅದೇ ಅಡ್ಡ ಬರುತ್ತದೆ. ಆಟಿಸಂ ಮಾನಸಿಕ ಕಾಯಿಲೆಯಲ್ಲ, ಕಾಯ್ದೆಯಲ್ಲೂ ಎರಡನ್ನೂ ಬೇರೆ ಬೇರೆ ಇಟ್ಟಿದ್ದಾರೆ. "ಅವನಿಗೆ ಆಟಿಸಂ ಇದೆ, ಇಗೋ ಪ್ರಮಾಣಪತ್ರ" ಎಂದು ಹೇಳಿ. ಅವನು ಪಕ್ಕದಲ್ಲೇ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿರುತ್ತಾನೆ, ಅಲ್ವಾ?

18ರ ಒಳಗಿನವರ ಮೇಲೆ ಲೈಂಗಿಕ ದೌರ್ಜನ್ಯ ಆದರೆ 2012ರ ಪೋಕ್ಸೊ ಕಾಯ್ದೆ ಬರುತ್ತದೆ. ಹೇಳಿಕೆ ಪಡೆಯುವ ಅಧಿಕಾರಿ ಸಮವಸ್ತ್ರದಲ್ಲಿ ಇರಬಾರದು. ಮಗುವನ್ನು ರಾತ್ರಿ ಠಾಣೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಅಗತ್ಯ ಇದ್ದರೆ ವಿಶೇಷ ಶಿಕ್ಷಕರನ್ನು ಕರೆಸಬಹುದು. ಇಲ್ಲವೇ ಮಗುವಿನ ಮಾತಿನ ರೀತಿ ಬಲ್ಲವರನ್ನು. ಕೇಸು ಮುಗಿಯುವವರೆಗೆ ಜೊತೆಗಿರುವ ಸಹಾಯಕರನ್ನೂ ಕೇಳಬಹುದು. ಆದರೆ "ವಯಸ್ಸು 30, ಬುದ್ಧಿ 6 ವರ್ಷದ್ದು" ಎಂದು ದೊಡ್ಡವರಿಗೆ ಪೋಕ್ಸೊ ಹಾಕಿಸಲು ಆಗುವುದಿಲ್ಲ. ಹುಟ್ಟಿದ ತಾರೀಕಿನ ವಯಸ್ಸೇ ಲೆಕ್ಕ ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ತೀರ್ಪು ಕೊಟ್ಟಿದೆ. ದೊಡ್ಡವರಿಗೆ ಮೇಲೆ ಹೇಳಿದ ಬಿಎನ್‌ಎಸ್‌ಎಸ್ ಕಲಮುಗಳೇ ಆಧಾರ.

5. ಜಬಾಬ್ ಕೊಡುವಾಗ

ಇಡೀ ಪ್ರಕರಣ ನಿಲ್ಲುವುದು, ಬೀಳುವುದು ಇಲ್ಲಿ. ಆಟಿಸಂ ಇರುವ ಕೆಲವರಿಗೆ ಕೇಳಿದ ಮಾತನ್ನೇ ತಿರುಗಿ ಹೇಳುವ ರೂಢಿ ಇರುತ್ತದೆ. ವೈದ್ಯರು ಇದನ್ನು ಎಕೊಲೇಲಿಯಾ ಎನ್ನುತ್ತಾರೆ. ಅಧಿಕಾರಿ ಕೇಳುತ್ತಾರೆ, "ನೀನೇ ತಗೊಂಡ್ಯಾ?" ಹುಡುಗ ಹೇಳುತ್ತಾನೆ, "ನೀನೇ ತಗೊಂಡ್ಯಾ." ಇನ್ನೊಮ್ಮೆ ಕೇಳುತ್ತಾರೆ, "ಮೊಬೈಲ್ ತಗೊಂಡ್ಯಾ?" "ಮೊಬೈಲ್ ತಗೊಂಡ್ಯಾ." ಮೂರನೇ ಸಲಕ್ಕೆ ದನಿ ಏರುತ್ತದೆ, ಹುಡುಗ ಕಿವಿ ಮುಚ್ಚಿಕೊಂಡು "ತಗೊಂಡ್ಯಾ, ತಗೊಂಡ್ಯಾ" ಎನ್ನುತ್ತಾನೆ. ಕಾಗದದಲ್ಲಿ ಅದು "ತೆಗೆದುಕೊಂಡೆ" ಎಂದು ಇಳಿಯಬಹುದು. ಪಕ್ಕದಲ್ಲಿ ವಿಶೇಷ ಶಿಕ್ಷಕರಿದ್ದರೆ ಮೊದಲ ಸಲವೇ ತಡೆದು ಹೇಳುತ್ತಾರೆ. ಅವರು ಬೇಕೇ ಬೇಕು ಎನ್ನುವುದು ಇದಕ್ಕೆ.

ಬೌದ್ಧಿಕ ಅಸಾಮರ್ಥ್ಯ ಇರುವವರಲ್ಲಿ ಬೇರೆ ತೊಂದರೆ. ಎದುರಿನವರಿಗೆ ಬೇಜಾರಾಗಬಾರದೆಂದು ಎಲ್ಲದಕ್ಕೂ ಹೌದು ಅನ್ನುತ್ತಾರೆ. ಎಡಿಎಚ್‌ಡಿ ಇರುವವರು ಪ್ರಶ್ನೆ ಪೂರ್ತಿ ಆಗುವ ಮುಂಚೆಯೇ ಉತ್ತರ ಕೊಡುತ್ತಾರೆ, ನಡುವೆ ಎದ್ದು ಓಡಾಡುತ್ತಾರೆ. ಡಿಸ್ಲೆಕ್ಸಿಯಾ ಇರುವವರು ಬರೆದದ್ದನ್ನು ಓದಿದ ಹಾಗೆ ತಲೆಯಾಡಿಸಿ ಸಹಿ ಹಾಕುತ್ತಾರೆ, ಓದಲು ಕಷ್ಟ ಎಂದು ಹೇಳಲು ನಾಚಿಕೆ. ಇವೆಲ್ಲ ಗೊತ್ತಿಲ್ಲದವರಿಗೆ ಸುಳ್ಳು, ಅಹಂಕಾರ, ತಪ್ಪಿತಸ್ಥ ಮನಸ್ಸು ಎಂದು ಕಾಣುತ್ತವೆ.

ಅಧಿಕಾರಿಗೆ ಗೌರವದಿಂದ ಈ ಕೆಲವು ವಿಷಯ ಹೇಳಿ. ಬರೆದು ಕೊಟ್ಟರೆ ಇನ್ನೂ ಒಳ್ಳೆಯದು. ಒಂದು ಸಲಕ್ಕೆ ಒಂದೇ ಪ್ರಶ್ನೆ. ಉತ್ತರಕ್ಕೆ ಮನಸ್ಸಿನಲ್ಲೇ ಹತ್ತು ಎಣಿಸುವಷ್ಟು ಹೊತ್ತು ಕಾಯಿರಿ. ಹೌದು, ಇಲ್ಲ ಎನ್ನುವ ಪ್ರಶ್ನೆ ಬೇಡ, "ಲಿಫ್ಟ್‌ನಲ್ಲಿ ಯಾರಿದ್ದರು? ಆಮೇಲೆ ಏನಾಯಿತು?" ಎಂದು ಕೇಳಿ. ಎಷ್ಟು ಗಂಟೆಗೆ ಎನ್ನುವ ಬದಲು ಊಟಕ್ಕೆ ಮುಂಚೆಯೋ ನಂತರವೋ ಎಂದು ಕೇಳಿ. ಸುತ್ತಿ ಬಳಸಿ ಕೇಳಬೇಡಿ. "ಅವನ ಮೇಲೆ ಕೈ ಮಾಡಿದ್ಯಾ?" ಎಂದರೆ ಕೈ ತೋರಿಸಿ ಕರೆದದ್ದಕ್ಕೂ ಅವನು ಹೌದು ಎಂದಾನು. ವೈರ್‌ಲೆಸ್ ಸದ್ದು, ಜನರ ಓಡಾಟ ಇಲ್ಲದ ಕೋಣೆ ಕೊಡಿ. ಸ್ವಲ್ಪ ಸ್ವಲ್ಪ ಹೊತ್ತಿಗೆ ಬಿಡುವು ಕೊಡಿ. ಕಿವಿಗೆ ಹೆಡ್‌ಫೋನ್, ಕೈಯಲ್ಲಿ ತಿರುಗಿಸುವ ಅವನದೇ ವಸ್ತು ಇದ್ದರೆ ಕಸಿದುಕೊಳ್ಳಬೇಡಿ.

ನಿಮ್ಮ ಕಡೆಯಿಂದಲೂ ಎಚ್ಚರ ಬೇಕು. ಮನೆಯಲ್ಲಿ "ಹೀಗೆ ಹೇಳು" ಎಂದು ಪಾಠ ಮಾಡಬೇಡಿ. ಬಂದ ನೆಂಟರೆಲ್ಲ ಮತ್ತೆ ಮತ್ತೆ ಕೇಳುವುದನ್ನು ನಿಲ್ಲಿಸಿ. ಅವರು ಮೊದಲ ಸಲ ಹೇಳಿದ್ದನ್ನು ಅವರದೇ ಮಾತಿನಲ್ಲಿ, ತಾರೀಕು, ಹೊತ್ತು ಹಾಕಿ ಬರೆದಿಡಿ. ಮನೆಯವರಿಗೆ ಮಾತ್ರ ಅರ್ಥವಾಗುವ ಪದ ಇದ್ದರೆ ಅದನ್ನೇ ಬರೆಯಿರಿ, ತಿದ್ದಬೇಡಿ. ಇನ್ನೊಂದು ವಿಷಯ: ತನಿಖೆಯ ವೇಳೆ ಪೊಲೀಸರು ಬರೆದುಕೊಂಡ ಹೇಳಿಕೆಗೆ ಹೇಳಿದವರ ಸಹಿ ಹಾಕಿಸುವ ಹಾಗಿಲ್ಲ. ಖಾಲಿ ಹಾಳೆಗಂತೂ ಯಾವ ಕಾರಣಕ್ಕೂ ಸಹಿ ಬೇಡ.

ಆರೋಪಿಯನ್ನು ಗುರುತು ಹಿಡಿಯುವ ಪರೇಡ್ ಇದ್ದರೆ, ಗುರುತಿಸುವವರು ಅಸಾಮರ್ಥ್ಯ ಇರುವವರಾದಾಗ ಅದು ಮ್ಯಾಜಿಸ್ಟ್ರೇಟ್ ಉಸ್ತುವಾರಿಯಲ್ಲೇ ನಡೆಯಬೇಕು, ವಿಡಿಯೊ ಆಗಬೇಕು. ಬಿಎನ್‌ಎಸ್‌ಎಸ್ ಕಲಂ 54.

6. ಅವರ ಮೇಲೆಯೇ ಆರೋಪ ಬಂದಾಗ

ನಮ್ಮ ಕಾನೂನು ನಿಜಕ್ಕೂ ಹಿಂದೆ ಬಿದ್ದಿರುವುದು ಇಲ್ಲಿ. ಇಂಗ್ಲೆಂಡ್‌ನಲ್ಲಿ ಇಂಥವರನ್ನು ಆರೋಪಿಯಾಗಿ ವಿಚಾರಿಸುವಾಗ ಪೊಲೀಸರಲ್ಲದ ಒಬ್ಬ ಹಿರಿಯರು ಜೊತೆಗಿರಬೇಕೆಂಬ ನಿಯಮವನ್ನು 1984ರ ಕಾಯ್ದೆಯ ಅಡಿಯಲ್ಲೇ ತಂದರು. ನಮ್ಮಲ್ಲಿ ತೊಂದರೆಗೆ ಒಳಗಾದವರಿಗೆ, ಸಾಕ್ಷಿಗೆ ವಿಶೇಷ ಶಿಕ್ಷಕರು ಎಂದು ಬಿಎನ್‌ಎಸ್‌ಎಸ್ ಬರೆಯಿತು. 18 ದಾಟಿದ ಆರೋಪಿಗೆ ಅಷ್ಟೇ ಸ್ಪಷ್ಟವಾಗಿ ಬರೆಯಲಿಲ್ಲ. ಹಾಗಾಗಿ ಇರುವ ಕಲಮುಗಳನ್ನೇ ಗಟ್ಟಿಯಾಗಿ ಹಿಡಿಯಬೇಕು.

ಮೊದಲು ನೋಟಿಸ್ ಕೇಳಿ. 7 ವರ್ಷದವರೆಗಿನ ಶಿಕ್ಷೆಯ ಹೆಚ್ಚಿನ ಪ್ರಕರಣಗಳಲ್ಲಿ ಬಂಧಿಸುವ ಬದಲು ಬಿಎನ್‌ಎಸ್‌ಎಸ್ ಕಲಂ 35(3)ರ ನೋಟಿಸ್ ಕೊಟ್ಟು ಕರೆಸುತ್ತಾರೆ. ಅದರಂತೆ ಹಾಜರಾದರೆ ಸಾಮಾನ್ಯವಾಗಿ ಬಂಧನ ಇಲ್ಲ. ವಾಟ್ಸಾಪ್‌ನಲ್ಲಿ ಕಳಿಸಿದರೆ ಸಾಲದು ಎಂದು ಸುಪ್ರೀಂ ಕೋರ್ಟ್ 2025ರಲ್ಲಿ ಹೇಳಿದೆ. ಇದು ಮೋಸದಿಂದಲೂ ಕಾಪಾಡುತ್ತದೆ. ಡಿಜಿಟಲ್ ಅರೆಸ್ಟ್ ಎಂದು ವಿಡಿಯೊ ಕಾಲ್ ಮಾಡಿ ಹೆದರಿಸುವವರಿಗೆ, ಮಾತನ್ನು ಇದ್ದಂತೆ ನಂಬುವ ನಮ್ಮವರು ಸುಲಭದ ಬೇಟೆ. ಅಂಥ ಅರೆಸ್ಟ್ ಯಾವ ಕಾನೂನಿನಲ್ಲೂ ಇಲ್ಲ ಎಂದು ಈಗಲೇ ಹೇಳಿಕೊಡಿ. ದುಡ್ಡು ಹೋಗಿದ್ದರೆ 1930ಕ್ಕೆ ತಕ್ಷಣ ಫೋನ್ ಮಾಡಿ.

ಬಂಧಿಸಿದರೆ ಮನೆಯವರಿಗೆ ಕೂಡಲೇ ತಿಳಿಸಬೇಕು. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು, ಪ್ರಯಾಣದ ಸಮಯ ಬಿಟ್ಟು. ಬಂಧನದ ಕಾರಣವನ್ನು ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದು ಕೊಡಬೇಕು ಎಂದು 2025ರ ನವೆಂಬರ್‌ನಲ್ಲಿ, ಮುಂಬೈಯದೇ ಒಂದು ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ತೀರ್ಪಿತ್ತಿದೆ. ಮರಾಠಿ ಓದಲು ಬಾರದವರ ಕೈಗೆ ಮರಾಠಿ ಹಾಳೆ ಕೊಟ್ಟರೆ ಆಗಲಿಲ್ಲ. ವಿಚಾರಣೆಯ ಉದ್ದಕ್ಕೂ ಅಲ್ಲದಿದ್ದರೂ ವಿಚಾರಣೆಯ ನಡುವೆ ವಕೀಲರನ್ನು ಭೇಟಿಯಾಗುವ ಹಕ್ಕು ಕಲಂ 38ರಲ್ಲಿದೆ. ವೈದ್ಯಕೀಯ ತಪಾಸಣೆ ಕಲಂ 53ರಲ್ಲಿದೆ. ಫಿಟ್ಸ್ ಮಾತ್ರೆ, ಎಡಿಎಚ್‌ಡಿ ಮಾತ್ರೆಯ ಚೀಟಿಯನ್ನು ಆ ವೈದ್ಯರ ಕೈಗೇ ಕೊಡಿ, ವರದಿಯಲ್ಲಿ ಬರೆಯಲು ಹೇಳಿ. ಕಸ್ಟಡಿಯಲ್ಲಿ ಒಂದು ರಾತ್ರಿ ಫಿಟ್ಸ್ ಮಾತ್ರೆ ತಪ್ಪಿದರೂ ಜೀವಕ್ಕೇ ಅಪಾಯ ಆಗಬಹುದು.

ಠಾಣೆ ತಲುಪಿದ ಕೂಡಲೇ ಈ ಪತ್ರ ಕೊಡಿ: "ನನ್ನ ತಮ್ಮನಿಗೆ ಆಟಿಸಂ ಇದೆ, ಪ್ರಮಾಣಪತ್ರ ಲಗತ್ತಿಸಿದೆ. 2016ರ ದಿವ್ಯಾಂಗರ ಹಕ್ಕುಗಳ ಕಾಯ್ದೆಯ ಕಲಂ 12ರಂತೆ ವಿಚಾರಣೆ ವೇಳೆ ವಿಶೇಷ ಶಿಕ್ಷಕರು, ಕನ್ನಡ ದುಭಾಷಿ ಇರಲಿ. ಬಿಎನ್‌ಎಸ್‌ಎಸ್ ಕಲಂ 38ರಂತೆ ವಕೀಲರ ಭೇಟಿಗೆ ಅವಕಾಶ ಕೊಡಿ. ವಿಚಾರಣೆಯನ್ನು ವಿಡಿಯೊ ಮಾಡಿ. ಠಾಣೆಯ ಸಿಸಿಟಿವಿ ದೃಶ್ಯ ಅಳಿಸದೆ ಉಳಿಸಿ." ತಾರೀಕು, ಗಂಟೆ ಹಾಕಿ, ಪೋಚ್ ತೆಗೆದುಕೊಳ್ಳಿ. ಪೋಚ್ ಕೊಡಲಿಲ್ಲ ಎಂದರೆ ಅದೇ ಪತ್ರವನ್ನು ಡಿಸಿಪಿ, ಅಂದರೆ ಪೊಲೀಸ್ ಉಪ ಆಯುಕ್ತರ ಕಚೇರಿಗೆ ಇಮೇಲ್ ಮಾಡಿ. ಕೇಳಿದ್ದೆಲ್ಲ ಕೊಡದೇ ಇರಬಹುದು. ಆದರೆ ಮ್ಯಾಜಿಸ್ಟ್ರೇಟ್ ಮುಂದೆ ನಿಮ್ಮ ವಕೀಲರ ಕೈಯಲ್ಲಿ ಅದೊಂದು ಹಾಳೆ ಇರುವುದಕ್ಕೂ ಇಲ್ಲದಿರುವುದಕ್ಕೂ ಬಹಳ ವ್ಯತ್ಯಾಸ.

18ರ ಒಳಗಿನವರನ್ನು ಲಾಕಪ್‌ನಲ್ಲಿ ಇಡುವಂತಿಲ್ಲ. ಬಾಲನ್ಯಾಯ ಮಂಡಳಿಯ ಮುಂದೆ ಒಯ್ಯಬೇಕು.

ಊರಿನ ಹಿರಿಯರು ಫೋನ್ ಮಾಡಿ "ರಾತ್ರಿ ಬಸ್ಸಿಗೇ ಊರಿಗೆ ಕಳಿಸಿಬಿಡಿ, ಗಲಾಟೆ ತಣ್ಣಗಾಗಲಿ" ಎನ್ನುತ್ತಾರೆ. ಪ್ರೀತಿಯಿಂದಲೇ ಹೇಳುವುದು. ದಯವಿಟ್ಟು ಹಾಗೆ ಮಾಡಬೇಡಿ. ಉಡುಪಿ ಬಸ್ ಹತ್ತಿಸಿದ ಕ್ಷಣಕ್ಕೆ ಅವನು ಪೊಲೀಸ್ ಕಾಗದದಲ್ಲಿ ತಲೆಮರೆಸಿಕೊಂಡವನಾಗುತ್ತಾನೆ. ಜಾಮೀನೂ ಕಷ್ಟವಾಗುತ್ತದೆ.

ಬುದ್ಧಿ ಸ್ವಾಧೀನದಲ್ಲಿ ಇರಲಿಲ್ಲ ಎಂದು ವಾದಿಸುವ ದಾರಿ ಕಾನೂನಿನಲ್ಲಿದೆ. ವಕೀಲರು ಅದನ್ನು ಸುಲಭದ ದಾರಿ ಎಂದು ಹೇಳಿದರೆ ಎರಡು ಸಲ ಯೋಚಿಸಿ. ಆಸ್ಪತ್ರೆಯಲ್ಲಿ ಇರಿಸುವ ಆದೇಶ ಬಂದರೆ ಅದು ಎಷ್ಟು ದಿನ ಎಂದು ಹೇಳಲಾಗದು. ಆಟಿಸಂ ಇದೆ ಎಂದು ತೋರಿಸುವುದೇ ಬೇರೆ, ಆ ವಾದ ಮಾಡುವುದೇ ಬೇರೆ.

7. ಕೋರ್ಟಿನಲ್ಲಿ

ಕಲಂ 183ರಂತೆ ಮ್ಯಾಜಿಸ್ಟ್ರೇಟ್ ಎದುರು ಹೇಳಿಕೆ ಕೊಡುವಾಗ ದುಭಾಷಿ ಅಥವಾ ವಿಶೇಷ ಶಿಕ್ಷಕರ ನೆರವು, ವಿಡಿಯೊ ಎರಡೂ ಇರಬೇಕು. ಹೀಗೆ ದಾಖಲಾದ ಹೇಳಿಕೆಯನ್ನೇ ಮುಖ್ಯ ವಿಚಾರಣೆಯ ಸಾಕ್ಷ್ಯ ಎಂದು ತೆಗೆದುಕೊಳ್ಳಬಹುದು. ಅದನ್ನೆಲ್ಲ ಮೊದಲಿಂದ ಮತ್ತೆ ಹೇಳುವ ಕಷ್ಟ ತಪ್ಪುತ್ತದೆ. ಪಾಟೀಸವಾಲು ಮಾತ್ರ ಇರುತ್ತದೆ. ಮಾತಾಡಲು ಆಗದವರು ಬರೆದೋ ಸನ್ನೆಯಿಂದಲೋ ಸಾಕ್ಷಿ ಹೇಳಬಹುದು.

ಕೋರ್ಟು ಕಟ್ಟಡದಲ್ಲಿ ದುರ್ಬಲ ಸಾಕ್ಷಿಗಳಿಗೆ, ಅಂದರೆ ಸಾಕ್ಷಿ ಹೇಳಲು ವಿಶೇಷ ನೆರವು ಬೇಕಾದವರಿಗೆ, ಬೇರೆ ಕೇಂದ್ರ ಇದೆಯೇ ಎಂದು ವಕೀಲರನ್ನು ಕೇಳಿ. ಮಹಾರಾಷ್ಟ್ರದ್ದೇ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2022ರ ಜನವರಿಯಲ್ಲಿ ಇಂಥ ಕೇಂದ್ರಗಳನ್ನು ತೆರೆಯಲು ಆದೇಶ ಮಾಡಿತು. ಮಕ್ಕಳಿಗಷ್ಟೇ ಅಲ್ಲ, ಅಸಾಮರ್ಥ್ಯ ಇರುವ ಸಾಕ್ಷಿಗಳಿಗೂ ಅನ್ವಯ ಎಂದು ಸೇರಿಸಿತು. ಸಾಕ್ಷಿ ಹೇಳುವ ದಿನಕ್ಕೆ ಮುಂಚೆ ಒಮ್ಮೆ ಕರೆದುಕೊಂಡು ಹೋಗಿ ಜಾಗ ತೋರಿಸಿ. ಶೌಚಾಲಯ ಎಲ್ಲಿದೆ ಎಂಬುದನ್ನೂ ತೋರಿಸಿ. ಅಸಾಮರ್ಥ್ಯ ಇದೆ ಎಂಬ ಕಾರಣಕ್ಕೆ ಸಾಕ್ಷಿಯ ಮಾತು ಕಡಿಮೆ ತೂಕದ್ದು ಎಂದು ಭಾವಿಸಬಾರದು ಎನ್ನುವ 2021ರ ಏಪ್ರಿಲ್‌ನ ಸುಪ್ರೀಂ ಕೋರ್ಟ್ ತೀರ್ಪೂ ಇದೆ. ನಿಮ್ಮ ವಕೀಲರಿಗೆ ಅದನ್ನು ನೆನಪಿಸಿ.

8. ಯಾರೂ ಕೇಳದಿದ್ದರೆ

ಎಫ್‌ಐಆರ್ ಮಾಡಿಕೊಳ್ಳದಿದ್ದರೆ ಡಿಸಿಪಿಗೆ ಬರೆಯಿರಿ. ಅಲ್ಲೂ ಆಗದಿದ್ದರೆ ಕಲಂ 173(4)ರಂತೆ ಮ್ಯಾಜಿಸ್ಟ್ರೇಟ್‌ಗೆ ಅರ್ಜಿ ಹಾಕಿ. ತನಿಖೆ ಎಲ್ಲಿಗೆ ಬಂತು ಎಂದು 90 ದಿನದೊಳಗೆ ದೂರುದಾರರಿಗೆ ತಿಳಿಸುವುದು ಪೊಲೀಸರ ಕರ್ತವ್ಯ. ತಿಳಿಸದಿದ್ದರೆ ಅದನ್ನೂ ಬರೆದು ಕೇಳಿ.

ವಕೀಲರಿಗೆ ದುಡ್ಡಿಲ್ಲ ಎಂದು ಸುಮ್ಮನಿರಬೇಡಿ. ಅಸಾಮರ್ಥ್ಯ ಇರುವವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಇದೆ, 1987ರ ಕಾಯ್ದೆಯ ಪ್ರಕಾರ. 15100ಕ್ಕೆ ಫೋನ್ ಮಾಡಿ ಅಥವಾ ನಿಮ್ಮ ಜಿಲ್ಲಾ ಕೋರ್ಟಿನ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಕನ್ನಡ ಬರುವ ವಕೀಲರು ಪಟ್ಟಿಯಲ್ಲಿ ಇದ್ದಾರೆಯೇ ಎಂದು ಕೇಳಿ. ಈ ಓಡಾಟದಲ್ಲಿ ನಿಮಗೇ ತಡೆಯಲಾಗದಷ್ಟು ಮನಸ್ಸು ಕುಸಿದರೆ ಟೆಲಿ ಮಾನಸ್ 14416 ಇದೆ.

ಠಾಣೆಯಲ್ಲಿ ಸೌಕರ್ಯ ಕೊಡಲಿಲ್ಲ, ಅವಮಾನ ಮಾಡಿದರು ಎಂಬ ದೂರನ್ನು ರಾಜ್ಯ ದಿವ್ಯಾಂಗರ ಆಯುಕ್ತರಿಗೆ ಕಳಿಸಿ. ಅವರ ಕಚೇರಿ ಪುಣೆಯಲ್ಲಿದೆ. ಮುಂಬೈಯಲ್ಲಿ ರಾಜ್ಯ ಮಾನವ ಹಕ್ಕು ಆಯೋಗವೂ ಇದೆ. ದೂರಿನ ಜೊತೆ ಆ ಮೊದಲ ಗಂಟೆಯ ಪತ್ರದ ಪೋಚ್, ಪ್ರಮಾಣಪತ್ರದ ಪ್ರತಿ, ಯಾವ ತಾರೀಕು ಯಾವ ಗಂಟೆಗೆ ಯಾರು ಏನು ಹೇಳಿದರು ಎಂಬ ಪಟ್ಟಿ ಲಗತ್ತಿಸಿ. ಅಸಲು ಕಾಗದ ಯಾವುದನ್ನೂ ಕೊಡಬೇಡಿ, ನಕಲು ಮಾತ್ರ ಕೊಡಿ.